ನೋಟರಿಯ ಎದುರು ಕೂತವರು

ನನ್ನ ಅವ್ವನಿಗೆ ಎರಡು ಹೆಸರು. ತವರಿನಲ್ಲಿ ಇಟ್ಟದ್ದು ಒಂದು, ಮದುವೆಯಾಗಿ ಬಂದ ಮೇಲೆ ಅತ್ತೆಯ ಮನೆಯವರು ಇಟ್ಟದ್ದು ಇನ್ನೊಂದು. ನಮ್ಮ ಕಡೆ ಇದೇನು ಹೊಸದಲ್ಲ. ಕೃಷ್ಣೆಯ ದಂಡೆಯ ಹಳ್ಳಿಗಳಲ್ಲಿ ಕನ್ನಡದ ಮನೆಯಿರಲಿ, ಮರಾಠಿ ಮನೆಯಿರಲಿ, ಹೆಣ್ಣು ಹೊಸ್ತಿಲು ದಾಟಿದರೆ ಎಷ್ಟೋ ಸಲ ಹೆಸರೂ ಬದಲಾಗುತ್ತದೆ. ಶಾಲೆಯ ದಾಖಲೆಯಲ್ಲಿ ಒಬ್ಬಳು, ರೇಷನ್ ಕಾರ್ಡಿನಲ್ಲಿ ಇನ್ನೊಬ್ಬಳು. ಇಬ್ಬರೂ ಒಬ್ಬಳೇ ಎಂದು ಸರ್ಕಾರಕ್ಕೆ ಹೇಳಬೇಕಾದ ದಿನ ಅಫಿಡವಿಟ್ಟು ಬೇಕಾಗುತ್ತದೆ.

ಅಪ್ಪ ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕದ ಮನೆಯಲ್ಲಿ ಕೆಲಸಕ್ಕಿದ್ದ. ಎರಡು ಸಾವಿರದ ಇಸವಿಯ ಆಚೀಚೆ ಅವನು ನಿವೃತ್ತನಾದಾಗ ಪಿಂಚಣಿಯ ಕಾಗದಕ್ಕೆ ಹೆಂಡತಿಯ ಹೆಸರು ಸೇರಿಸಬೇಕಾಯಿತು. ಅವ್ವನ ಎರಡು ಹೆಸರಿನ ತಕರಾರು ಎದ್ದದ್ದು ಆಗ. ನಾನು ಆಗಷ್ಟೇ ಬೆಳಗಾವಿಯಲ್ಲಿ ಕಾನೂನು ಓದಿ ಮುಗಿಸಿ, ಅಥಣಿಯ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕರಿ ಕೋಟು ಹಾಕಿದ್ದೆ. ನಮ್ಮ ಮನೆತನದಲ್ಲಿ ಕೋರ್ಟಿನ ಮೆಟ್ಟಿಲನ್ನು ಕೆಲಸಕ್ಕಾಗಿ ಹತ್ತಿದವಳು ನಾನೇ ಮೊದಲು. ಹೀಗಾಗಿ ಅವ್ವನನ್ನು ನೋಟರಿಯ ಹತ್ತಿರ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಅವ್ವ ಹಿಂದಿನ ದಿನದಿಂದಲೇ ತಯಾರಾಗಿದ್ದಳು. ಕಾಗವಾಡದ ಕಡೆಯ ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಕಲಿತವಳು. ಮರಾಠಿ ಅಕ್ಷರದಲ್ಲಿ ಸಹಿ ಮಾಡುತ್ತಿದ್ದಳು. ಪೆಟ್ಟಿಗೆಯಿಂದ ಇಳಕಲ್ಲ ಸೀರೆ ತೆಗೆದು ಉಟ್ಟುಕೊಂಡಳು. ನೋಟರಿಯವರು ಏನೇನು ಕೇಳಬಹುದು, ತಾನು ಏನು ಹೇಳಬೇಕು ಎಂದು ಒಲೆಯ ಮುಂದೆ ಕೂತು ಬಾಯಿಪಾಠ ಮಾಡಿದ್ದಳು. ಯಾರ ಮಗಳು, ಯಾವ ಊರು, ಯಾವ ವರ್ಷ ಲಗ್ನ ಆಯಿತು, ಹೆಸರು ಬದಲಿಸಿದವರು ಯಾರು ಎನ್ನುವುದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು.

ಅಲ್ಲಿ ಆದದ್ದೇ ಬೇರೆ. ಟೈಪಿಸ್ಟು ಕಾಗದ ತೆಗೆದು, ಕಟ್ಟೆಯ ಮೇಲೆ ಅವ್ವನ ಸಹಿ ಹಾಕಿಸಿಕೊಂಡು, ಒಳಗೆ ಹೋಗಿ, ಚಹಾ ಆರುವುದರೊಳಗೆ ನೋಟರಿಯ ಮೊಹರಿನ ಶಿಕ್ಕಾ ಹೊಡೆಸಿಕೊಂಡು ಹೊರಗೆ ಬಂದ. ನೋಟರಿಯವರು ಅವ್ವನನ್ನು ನೋಡಲಿಲ್ಲ, ಅವ್ವ ನೋಟರಿಯವರನ್ನು ನೋಡಲಿಲ್ಲ. ಆ ಕಾಗದದಲ್ಲಿ ಮಾತ್ರ 'ನನ್ನ ಸಮಕ್ಷಮ ಪ್ರಮಾಣ ಮಾಡಿದರು' ಎಂದು ಬರೆದಿತ್ತು. ನಾನೂ ಹೆಚ್ಚು ಯೋಚಿಸಲಿಲ್ಲ. ಕೆಲಸ ಬೇಗ ಆಯಿತಲ್ಲ ಎಂದುಕೊಂಡೆ.

ಬಸ್ಸಿನಲ್ಲಿ ಊರು ಸಮೀಪಿಸಿದಾಗ ಅವ್ವ ಕೇಳಿದಳು. "ಅಲ್ಲ ಬೇ, ನಾನ ಅಕಿ ಅನ್ನೂದು ಅವರಿಗೆ ಹ್ಯಾಂಗ ಗೊತ್ತಾತು? ಮಾರಿನೂ ನೋಡಲಿಲ್ಲಲ್ಲ."

ಎಲ್ಲ ಕಡೆಯೂ ಹೀಗೇ ನಡೆಯುತ್ತದೆ ಎಂದು ಏನೋ ಹೇಳಿ ಸಮಾಧಾನ ಮಾಡಿದೆ. ಅವಳು ಮತ್ತೆ ಕೇಳಲಿಲ್ಲ. ಆದರೆ ಆ ಇಳಕಲ್ಲ ಸೀರೆ, ಹೇಳಲಾಗದೆ ಹಾಗೇ ಉಳಿದುಹೋದ ಆ ಮಾತುಗಳು ನನ್ನ ತಲೆಯಿಂದ ಹೋಗಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ನಾನೇ ನೋಟರಿಯಾಗಬೇಕು ಎಂದು ನಮ್ಮ ಹಿರಿಯ ವಕೀಲರ ಮುಂದೆ ಬಾಯಿ ಬಿಟ್ಟೆ. ಅವರು ಕಾನೂನಿನ ಪುಸ್ತಕ ತೆಗೆದು ನಿಯಮ ಓದಿ ಹೇಳಿದರು. ಸಾಮಾನ್ಯವಾಗಿ ವಕೀಲಿ ಮಾಡಿ ಹತ್ತು ವರ್ಷ ಆಗಿರಬೇಕು. ಹೆಣ್ಣುಮಕ್ಕಳಿಗೆ ಏಳು ವರ್ಷ ಸಾಕು. ಪರಿಶಿಷ್ಟ ಜಾತಿಯವರಿಗೂ ಏಳೇ. ನಾವು ಪರಿಶಿಷ್ಟ ಜಾತಿಯ ಬೌದ್ಧರು, ನನಗೆ ಎರಡೂ ಬಾಗಿಲು ತೆರೆದಿದ್ದವು. ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪ, ಎರಡು ರಿಯಾಯಿತಿ ಸೇರಿಸಿ ನಾಲ್ಕೇ ವರ್ಷ ಮಾಡಿದ್ದರೆ ಇಷ್ಟೊತ್ತಿಗೆ ಆಗಿಬಿಡುತ್ತಿತ್ತಲ್ಲ ಎಂದು ನಕ್ಕ. ತೂಕದ ಮನೆಯಲ್ಲಿ ಇದ್ದವನಿಗೆ ಎಲ್ಲದರಲ್ಲೂ ಲೆಕ್ಕ.

ಏಳು ವರ್ಷ ತುಂಬಿದ ಮೇಲೆ ಅರ್ಜಿ ಬರೆದೆ. ಬರೆದರಷ್ಟೇ ಸಾಲುತ್ತಿರಲಿಲ್ಲ, ಈ ಹೆಣ್ಣುಮಗಳು ಯೋಗ್ಯಳು ಎಂದು ಐದು ಜನ ಅದರ ಮೇಲೆ ಸಹಿ ಹಾಕಬೇಕಿತ್ತು. ಒಬ್ಬ ಮ್ಯಾಜಿಸ್ಟ್ರೇಟರು, ಒಬ್ಬ ಬ್ಯಾಂಕಿನ ಮ್ಯಾನೇಜರು, ಒಬ್ಬ ವ್ಯಾಪಾರಿ, ಮತ್ತು ಆ ಭಾಗದ ಇಬ್ಬರು ಗಣ್ಯರು. ಮ್ಯಾಜಿಸ್ಟ್ರೇಟರು ನನ್ನನ್ನು ಕೋರ್ಟಿನಲ್ಲಿ ದಿನಾ ನೋಡುತ್ತಿದ್ದರು, ಸಹಿ ಹಾಕಿದರು. ಬ್ಯಾಂಕಿನವರು ಒಂದು ವಾರ ಅಲೆಸಿ ಹಾಕಿದರು. ವ್ಯಾಪಾರಿ ಎಂದರೆ ನನಗೆ ಮೊದಲು ನೆನಪಾದವರು ಕುಡಚಿಯ ಸ್ಟೇಷನ್ನಿನ ಹತ್ತಿರದ ಅರಿವೆ ಅಂಗಡಿಯ ಚಾಚಾ. ನನ್ನ ಕಾಲೇಜಿನ ಅರಿವೆಗಳೆಲ್ಲ ಆ ಅಂಗಡಿಯವೇ. ಅವರು ಅರ್ಜಿಯನ್ನು ಪೂರ್ತಿ ಓದಿಸಿಕೊಂಡು, ಕನ್ನಡಕ ಒರೆಸಿಕೊಂಡು, ಅತ್ತರಿನ ವಾಸನೆಯ ಕೈಯಿಂದ ಉರ್ದುವಿನಲ್ಲಿ ಸಹಿ ಹಾಕಿ, ಕೆಳಗೆ ಇಂಗ್ಲಿಷಿನಲ್ಲಿ ಹೆಸರು ಬರೆದರು.

ಗಣ್ಯರ ವಿಷಯದಲ್ಲಿ ಯೋಚನೆಗೆ ಬಿದ್ದೆ. ಒಬ್ಬರು ನಮ್ಮ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದವರು, ಅದರಲ್ಲಿ ಅನುಮಾನವಿರಲಿಲ್ಲ. ಇನ್ನೊಬ್ಬರು ಯಾರು? ರಾಜಕೀಯದವರ ಮನೆಗೆ ಹೋಗು ಎಂದು ಕೆಲವರು ಹೇಳಿದರು. ಹೋಗಲಿಲ್ಲ. ನಮ್ಮೂರಿನ ಸರ್ಕಾರಿ ದವಾಖಾನೆಯಲ್ಲಿ ದುಡಿದು ನಿವೃತ್ತರಾದ ನರ್ಸಬಾಯಿಯವರ ಮನೆಗೆ ಹೋದೆ. ಸುತ್ತಿನ ಹಳ್ಳಿಗಳ ಅರ್ಧ ಜನ ಹುಟ್ಟಿದ್ದೇ ಅವರ ಕೈಯಲ್ಲಿ. ನಾನೂ ಹಾಗೆಯೇ. ವಿಷಯ ಕೇಳಿ ಅವರು ಸಂಕೋಚ ಪಟ್ಟರು. ತಮ್ಮಂಥವರ ಸಹಿ ಹಾಕಿಸಿದರೆ ಅರ್ಜಿ ಕೆಟ್ಟೀತು ಎಂದು ಅವರ ಅಂಜಿಕೆ. ನಿಮಗಿಂತ ಹೆಚ್ಚು ಜನರಿಗೆ ಗುರುತಿರುವವರು ಈ ತಾಲೂಕಿನಲ್ಲಿ ಯಾರಿದ್ದಾರೆ, ತೋರಿಸಿರಿ ಎಂದೆ. ಒಳಗೆ ಹೋಗಿ ಮುಖ ತೊಳೆದು, ಹಣೆಗೆ ಕುಂಕುಮ ಹಚ್ಚಿಕೊಂಡು ಬಂದು ಸಹಿ ಹಾಕಿದರು.

ಅರ್ಜಿ ಬೆಳಗಾವಿಗೆ ಹೋಯಿತು. ತಕರಾರು ಇದ್ದವರು ಹೇಳಬಹುದು ಎಂದು ಅಲ್ಲಿಂದ ನೋಟೀಸು ಹೊರಟಿತು, ಅದು ಪದ್ಧತಿ. ಯಾರೋ ತಕರಾರು ಹಾಕಿಯೂ ಹಾಕಿದರು. ತಾಲೂಕಿನಲ್ಲಿ ನೋಟರಿಗಳು ಸಾಕಷ್ಟಿದ್ದಾರೆ, ಇನ್ನೊಬ್ಬರ ಅವಶ್ಯಕತೆ ಇಲ್ಲ, ಅದರಲ್ಲೂ ಮನೆ ಮಕ್ಕಳು ಎಂದು ತಿರುಗುವ ಹೆಣ್ಣುಮಗಳು ಇದನ್ನು ಹೇಗೆ ನಡೆಸಿಯಾಳು ಎಂಬುದು ಅದರ ಸಾರ. ನನಗೆ ಆಗ ಇನ್ನೂ ಮದುವೆಯೇ ಆಗಿರಲಿಲ್ಲ. ಸಿಟ್ಟು ಬಂತು, ಆಮೇಲೆ ಹೆದರಿಕೆ ಬಂತು. ಹಿರಿಯರು ಮಾತ್ರ ನಿಶ್ಚಿಂತೆಯಿಂದ, ತಕರಾರು ಬಂದರೆ ನಿನ್ನನ್ನು ಕರೆದು ಕೇಳುತ್ತಾರೆ, ಕೇಳಿದರೆ ಹೇಳುವ ಅವಕಾಶ ಸಿಕ್ಕಂತಾಯಿತು ಎಂದರು.

ಹಾಗೇ ಆಯಿತು. ಬೆಳಗಾವಿಯಲ್ಲಿ ಹಿರಿಯ ನ್ಯಾಯಾಧೀಶರೊಬ್ಬರು ಅರ್ಜಿ ತಿರುವಿ ಹಾಕಿ, ಅಥಣಿಯಲ್ಲಿ ಈಗಾಗಲೇ ಇರುವ ನೋಟರಿಗಳು ಸಾಲದೇ ಎಂದು ಕೇಳಿದರು. ನಾನು ಕಾನೂನಿನ ಕಲಮುಗಳನ್ನು ಓದಿಕೊಂಡು ಹೋಗಿದ್ದೆ. ಅವೆಲ್ಲ ಆ ಗಳಿಗೆಯಲ್ಲಿ ಮರೆತುಹೋಗಿ, ಅವ್ವ ಒಲೆಯ ಮುಂದೆ ಬಾಯಿಪಾಠ ಮಾಡಿದ್ದನ್ನು, ಅವಳನ್ನು ಯಾರೂ ಕೇಳದೆ ಹೋದದ್ದನ್ನು ಹೇಳಿಬಿಟ್ಟೆ. ಯಾರ ಹೆಸರನ್ನೂ ಎತ್ತಲಿಲ್ಲ. ನಾನು ಕೇಳುವ ನೋಟರಿಯಾಗುತ್ತೇನೆ ಎಂದಷ್ಟೇ ಕೊನೆಗೆ ಹೇಳಿದೆ. ಅವರು ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ, ಏನೋ ಬರೆದುಕೊಂಡು, ಹೋಗಬಹುದು ಎಂದರು.

ಮುಂದಿನ ಮಳೆಗಾಲ ಕಳೆದ ಮೇಲೆ ನೇಮಕದ ಆದೇಶ ಬಂತು. ಅಥಣಿ ತಾಲೂಕು ನನ್ನ ಕಾರ್ಯಕ್ಷೇತ್ರ ಎಂದು ಅದರಲ್ಲಿ ಬರೆದಿತ್ತು. ಆಗ ಕಾಗವಾಡ, ಉಗಾರ ಎಲ್ಲ ಅದರಲ್ಲೇ ಬರುತ್ತಿದ್ದವು. ಐದು ವರ್ಷಕ್ಕೊಮ್ಮೆ ನವೀಕರಣ; ಮುಂದೆ ಕಾಗವಾಡ ಬೇರೆ ತಾಲೂಕಾದಾಗ ಎರಡನ್ನೂ ಬರೆಸಿಕೊಂಡೆ. ದುಂಡನೆಯ ಶಿಕ್ಕಾ ಮಾಡಿಸಿಕೊಂಡು ಬಂದ ದಿನ ಅಪ್ಪ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. ಅವ್ವ ಮಾತ್ರ, ಇನ್ನು ದಿನಾ ಎಷ್ಟು ಜನರ ಜೊತೆ ಮಾತಾಡಬೇಕೋ, ಗಂಟಲು ಕೆಟ್ಟೀತು ಎಂದು ಬೆಲ್ಲ ಹಾಕಿ ಕಷಾಯ ಮಾಡುವ ಮಾತಾಡಿದಳು.

ಗಂಟಲು ಕೆಡುವಷ್ಟು ಜನ ಮೊದಮೊದಲು ಬರಲಿಲ್ಲ. ಕೋರ್ಟಿನ ಎದುರಿನ ಸಾಲಿನಲ್ಲಿ ಒಂದು ಖೋಲಿ ಹಿಡಿದು ಬೋರ್ಡು ಹಾಕಿದೆ. ಬಂದವರನ್ನು ಕುರ್ಚಿಯ ಮೇಲೆ ಕೂರಿಸಿ, ಕನ್ನಡವೋ ಮರಾಠಿಯೋ ಕೇಳಿಕೊಂಡು, ಕಾಗದ ಓದಿ ಹೇಳಿ, ಇದು ನಿಮ್ಮ ಮಾತೇ ಹೌದೋ ಎಂದು ಕೇಳದೆ ನಾನು ಶಿಕ್ಕಾ ಮುಟ್ಟುತ್ತಿರಲಿಲ್ಲ. ಟೈಪಿಸ್ಟರಿಗೆ ಇದು ಸರಿಬರಲಿಲ್ಲ. ಅಲ್ಲಿ ಹೋದರೆ ಹೊತ್ತು ಹೋಗುತ್ತದೆ ಎಂದು ಜನರನ್ನು ಬೇರೆ ಕಡೆ ಕಳಿಸುತ್ತಿದ್ದರು. ಆದರೆ ನಿಧಾನವಾಗಿ ಹೆಂಗಸರು ಬರತೊಡಗಿದರು. ಒಬ್ಬಳು ಬಂದರೆ ಮುಂದಿನ ವಾರ ಅವಳ ನಾದಿನಿ, ಅವಳ ಹಿಂದೆ ಓಣಿಯವಳು. ಎಲ್ಲರದೂ ಹೆಚ್ಚುಕಡಿಮೆ ಅದೇ ಎರಡು ಹೆಸರಿನ ಕಥೆ. ಅದನ್ನು ಹೇಳುವಾಗ ತವರಿನ ಬಾವಿ, ಅಲ್ಲಿಯ ಬೇವಿನ ಗಿಡ, ಕಲಿತ ಶಾಲೆ ಎಲ್ಲವೂ ಬರುತ್ತಿದ್ದವು. ಬೇಡ ಎನ್ನಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಬರಲಾಗದವರ ಕಡೆಗೆ ನಾನೇ ಹೋಗುವುದನ್ನು ರೂಢಿ ಮಾಡಿಕೊಂಡೆ. ನಮ್ಮ ತಾಲೂಕಿನದೇ ತೆಲಸಂಗದಲ್ಲಿ ಸೊಂಟ ಮುರಿದು ಮಲಗಿದ್ದ ಅಜ್ಜಿಯೊಬ್ಬಳ ಹಾಸಿಗೆಯ ಪಕ್ಕ ಕೂತು, ಜೋಳದ ಚೀಲದ ಮೇಲೆ ಕಾಗದ ಇಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡದ್ದುಂಟು. ಎದುರಿಗೆ ಇರಬೇಕು ಎನ್ನುತ್ತದೆ ಕಾನೂನು. ಯಾರು ಯಾರ ಎದುರಿಗೆ ಹೋಗಬೇಕು ಎಂದು ಅದು ಹೇಳುವುದಿಲ್ಲ.

ಹೀಗೆ ನಡೆದಿರುವಾಗ ಎಲ್ಲರ ಕೈಗೂ ದೊಡ್ಡ ಪರದೆಯ ಫೋನು ಬಂತು. ಅದರ ಹಿಂದೆಯೇ, ಮನುಷ್ಯರು ಬರದೆ ಫೋನು ನನ್ನ ಖೋಲಿಗೆ ಬರುವ ಕಾಲವೂ ಬಂತು.

ಒಂದು ಗುರುವಾರ ಕಾಗವಾಡದ ಕಡೆಯ ಹಳ್ಳಿಯಿಂದ ಒಬ್ಬ ತರುಣ ಬಂದ. ಕುರಿ ಸಾಕುವ ಮನೆತನ, ಜೊತೆಗೆ ಒಂದಿಷ್ಟು ಹೊಲ. ಅವನ ಹೆಂಡತಿ ತವರಿನಲ್ಲಿ ಕಾಲೇಜಿನ ತನಕ ಕಲಿತವಳು. ಅವರ ಊರಿನ ಅಂಗನವಾಡಿಗೆ ಟೀಚರ ಬೇಕಾಗಿತ್ತು. ಅರ್ಜಿ ಹಾಕಿದವರಲ್ಲಿ ಅವಳ ಹೆಸರು ಮೇಲೆ ಬಂದಿತ್ತು. ಆದರೆ ಓದಿದ ಕಾಗದಗಳಲ್ಲೆಲ್ಲ ತವರಿನ ಹೆಸರು, ಆ ಊರಿನವಳು ಎಂಬುದಕ್ಕೆ ಕೊಟ್ಟ ಕಾಗದಗಳಲ್ಲಿ ಗಂಡನ ಮನೆಯ ಹೆಸರು. ಎರಡೂ ಒಬ್ಬಳವೇ ಎಂಬ ಅಫಿಡವಿಟ್ಟು ಸೋಮವಾರದೊಳಗೆ ಕೊಡಬೇಕು, ಇಲ್ಲದಿದ್ದರೆ ಮುಂದಿನವರನ್ನು ಕರೆಯುತ್ತೇವೆ ಎಂದು ಕಚೇರಿಯವರು ಹೇಳಿದ್ದರು. ಅಷ್ಟರಲ್ಲಿ ಅವಳಿಗೆ ದಿನ ತುಂಬುವ ಮೊದಲೇ ಬ್ಯಾನಿ ಶುರುವಾಗಿ, ಮಿರಜಿನ ಆಸ್ಪತ್ರೆಗೆ ಒಯ್ದು, ಹೊಟ್ಟೆ ಕೊಯ್ದು ಕೂಸನ್ನು ತೆಗೆದಿದ್ದರು. ಕೂಸೂ ತಾಯಿಯೂ ಪಾರಾಗಿದ್ದರು. ಇನ್ನೂ ಒಂದು ವಾರ ಬಿಡುವುದಿಲ್ಲ ಎಂದಿದ್ದರು ಡಾಕ್ಟರು.

ಇಷ್ಟು ಹೇಳಿ ಅವನು ಫೋನನ್ನು ನನ್ನ ಮೇಜಿನ ಮೇಲೆ, ನೀರಿನ ತಂಬಿಗೆಗೆ ಆನಿಸಿ ನಿಲ್ಲಿಸಿದ. ಪರದೆಯಲ್ಲಿ ದಿಂಬಿನ ಮೇಲೆ ಒಂದು ಮುಖ, ತಲೆಗೆ ಸೆರಗು, ಹಿಂದೆ ಸಲೈನಿನ ಕಂಬ.

"ಬಾಯಾರ, ನಾನ ರೀ," ಎಂದಳು. "ನೀವು ಏನು ಕೇಳತೀರಿ ಕೇಳ್ರಿ, ಎಲ್ಲಾ ಹೇಳತೀನಿ. ನಿಮ್ಮ ಎದುರಿಗೇ ಅದೀನಲ್ರಿ."

ಎರಡು ವರ್ಷದ ಹಿಂದೆ ಅವಳು ಅತ್ತೆಯ ಜೊತೆ ನನ್ನ ಖೋಲಿಗೆ ಬಂದಿದ್ದಳಂತೆ. ಫೋನು ನೋಡಿ ಶಿಕ್ಕಾ ಹೊಡೆದುಕೊಡುವವರು ಬೇರೆ ಇದ್ದಾರೆ ಎಂದು ಯಾರೋ ಗಂಡನಿಗೆ ಹೇಳಿದ್ದರಂತೆ. ಇವಳೇ ಹಟ ಹಿಡಿದು ನನ್ನ ಹತ್ತಿರ ಕಳಿಸಿದ್ದಳು. ನಾಳೆ ಯಾರಾದರೂ ತಕರಾರು ತೆಗೆದರೆ ಗಟ್ಟಿಯಾದ ಕಾಗದ ಕೈಯಲ್ಲಿರಬೇಕು ಎಂಬುದು ಅವಳ ಮಾತು.

ನನಗೆ ಬಹಳ ಕಷ್ಟವಾಯಿತು. ಮುಖ ಕಾಣುತ್ತಿತ್ತು, ದನಿ ಕೇಳುತ್ತಿತ್ತು. ಆದರೂ ಹಾಸಿಗೆಯ ಪಕ್ಕ ಯಾರು ನಿಂತಿದ್ದಾರೆ, ಕಾಗದದ ಮೇಲೆ ಯಾರ ಕೈ ಓಡುತ್ತದೆ ಎಂಬುದು ಪರದೆಯಲ್ಲಿ ಕಾಣುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಫೋನಿನಲ್ಲಿ ಕಂಡವರನ್ನು ಎದುರಿಗೆ ಬಂದವರೆಂದು ಬರೆಯಲು ನಮ್ಮ ಕಾನೂನಿನಲ್ಲಿ ದಾರಿಯಿರಲಿಲ್ಲ. ತೆಲಸಂಗಕ್ಕೆ ಹೋದಂತೆ ನಾನೇ ಹೋಗೋಣವೆಂದರೆ, ಮಿರಜು ಮಹಾರಾಷ್ಟ್ರ. ಕಾಗವಾಡ ದಾಟಿದರೆ ನನ್ನ ಶಿಕ್ಕಾಕ್ಕೆ ಜೀವವಿಲ್ಲ. ಇದನ್ನೆಲ್ಲ ಅವಳಿಗೇ ಬಿಡಿಸಿ ಹೇಳಿದೆ. ಅವಳು ಕೇಳಿಸಿಕೊಂಡು ಮುಖವನ್ನು ಆ ಕಡೆ ತಿರುಗಿಸಿದಳು. ಗಂಡ ಫೋನು ತೆಗೆದುಕೊಂಡು ಎದ್ದ.

ಕೂತುಕೋ ಎಂದೆ. ನನ್ನಿಂದ ಆಗದಿದ್ದರೆ ಮಿರಜಿನ ನೋಟರಿಯಿಂದ ಆಗುತ್ತದೆ, ಒಬ್ಬ ನೋಟರಿಯ ಶಿಕ್ಕಾ ದೇಶದ ತುಂಬ ನಡೆಯುತ್ತದೆ. ಆಗಿಂದಾಗಲೇ ಕಾಗದ ಟೈಪು ಮಾಡಿಸಿದೆ. ಹಿರಿಯರಿಗೆ ಫೋನು ಮಾಡಿ ಮಿರಜಿನಲ್ಲಿ ಪರಿಚಯದವರು ಯಾರಿದ್ದಾರೆ ಎಂದು ಕೇಳಿ, ಕೋರ್ಟಿನ ಹತ್ತಿರದ ಒಬ್ಬ ನೋಟರಿಯ ವಿಳಾಸ ಬರೆದುಕೊಂಡೆ. ಮರುದಿನ ಮುಂಜಾನೆಯ ಬಸ್ಸಿಗೆ ಅವನ ಜೊತೆ ನಾನೂ ಹೊರಟೆ. ನನ್ನ ಶಿಕ್ಕಾವನ್ನು ಕಪಾಟಿನಲ್ಲಿ ಇಟ್ಟು ಕೀಲಿ ಹಾಕಿದೆ.

ಮಿರಜಿನ ಆ ನೋಟರಿ ವಯಸ್ಸಾದ ಮರಾಠಿ ವಕೀಲರು. ಬಿಳಿ ಮೀಸೆ, ಮೇಜಿನ ಮೇಲೆ ಊಟದ ಡಬ್ಬಿ. ಕಾಗದವನ್ನು ಕೈಯಲ್ಲಿ ಹಿಡಿದು ನೋಡಿ ಹಿಂದಕ್ಕೆ ಕೊಟ್ಟರು. ಕನ್ನಡ ಆಡಿದರೆ ತಮಗೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಓದಲು ಬಾರದ ಕಾಗದದ ಮೇಲೆ ಶಿಕ್ಕಾ ಹೇಗೆ ಹೊಡೆಯಲಿ ಎಂದು ಕೇಳಿದರು. ಇಷ್ಟು ದೂರ ಬಂದ ಸಂಕಟ ಒಂದು ಕಡೆ. ನನ್ನ ಹಾಗೇ ಕೇಳುವವರು ಇನ್ನೊಬ್ಬರಿದ್ದಾರಲ್ಲ ಎಂಬ ಸಂತೋಷ ಇನ್ನೊಂದು ಕಡೆ. ಅವರ ಬೆಂಚಿನ ಮೇಲೆ ಕೂತು ಇಡೀ ಕಾಗದವನ್ನು ಮರಾಠಿಯಲ್ಲಿ ಬರೆದೆ. ಮಾತಾಡಿದಷ್ಟು ಸಲೀಸಾಗಿ ನನಗೆ ಮರಾಠಿ ಬರೆಯಲು ಬರುವುದಿಲ್ಲ. ಅವರು ಡಬ್ಬಿಯ ಊಟ ಮುಗಿಸಿ ಬಂದು ಹ್ರಸ್ವ ದೀರ್ಘಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದರು. ಎರಡನೆಯ ಸಲ ಬರೆದದ್ದು ಅವರಿಗೆ ಒಪ್ಪಿಗೆಯಾಯಿತು. ಕನ್ನಡದ ಪ್ರತಿಯನ್ನು ಅದಕ್ಕೆ ಜೋಡಿಸಿ, ಅನುವಾದ ಸರಿಯಾಗಿದೆ ಎಂದು ನಾನು ಕೆಳಗೆ ಸಹಿ ಹಾಕಿದೆ. ನಾನೂ ನೋಟರಿ ಎಂದು ಆಗ ಹೇಳಿದೆ. ಅವರು ನಕ್ಕು, ಅಲ್ಲಿ ನೋಟರಿ, ಇಲ್ಲಿ ನೀವು ದುಭಾಷಿ ಎಂದು ಚೀಲ ಎತ್ತಿಕೊಂಡರು.

ಹೆಂಗಸರ ವಾರ್ಡಿಗೆ ಗಂಡಸರನ್ನು ಸಂಜೆಯ ತನಕ ಬಿಡುವುದಿಲ್ಲ ಎಂದು ಬಾಗಿಲಲ್ಲಿದ್ದ ಸಿಸ್ಟರು ತಡೆದರು. ನೋಟರಿಯವರು ಮನೆಗೆ ಹೋಗಿ ಬರುತ್ತೇನೆ ಎನ್ನುತ್ತಾರೆಂದುಕೊಂಡೆ. ಅವರು ಅಲ್ಲೇ ಬೆಂಚಿನ ಮೇಲೆ ಕೂತು ಪೇಪರು ಓದತೊಡಗಿದರು. ಸಂಜೆ ಬಾಗಿಲು ತೆರೆದಾಗ ಎಲ್ಲರಿಗಿಂತ ಮೊದಲು ಎದ್ದರು.

ಅವಳು ನಮ್ಮನ್ನು ನೋಡಿ ಏಳಲು ಹೋದಳು. ನಾನು ಭುಜ ಹಿಡಿದು ಮಲಗಿಸಿದೆ. ನಾನು ಬರುತ್ತೇನೆಂದು ಗಂಡ ಅವಳಿಗೆ ಹೇಳಿರಲಿಲ್ಲ. ಮುದುಕರು ಅವಳ ಅತ್ತೆಯನ್ನೂ ಗಂಡನನ್ನೂ ಸ್ವಲ್ಪ ದೂರ ನಿಲ್ಲಲು ಹೇಳಿದರು. ಮರಾಠಿಯ ಕಾಗದ ಓದಿ ಹೇಳಿದರು. ನಾನು ಕನ್ನಡದ್ದನ್ನು ಓದಿದೆ. ಸುತ್ತಿನ ಹಾಸಿಗೆಗಳ ಹೆಂಗಸರು ಮಾತು ನಿಲ್ಲಿಸಿ ಕೇಳುತ್ತಿದ್ದರು. ಹುಟ್ಟಿದ ಊರು, ಶಾಲೆ, ಲಗ್ನ ಎಲ್ಲ ಕೇಳಿದ ಮೇಲೆ ಅವರು ಕೊನೆಗೆ ಮರಾಠಿಯಲ್ಲಿ, ಇವೆರಡರಲ್ಲಿ ನಿನ್ನ ಹೆಸರು ಯಾವುದು ಮಗಳೇ ಎಂದರು.

"ದೋನ್ಹೀ ಮಾಝೀಚ," ಎಂದಳು ಅವಳು. ಎರಡೂ ನನ್ನವೇ.

ಬಲಗೈಗೆ ಸಲೈನಿನ ಸೂಜಿ ಚುಚ್ಚಿತ್ತು. ಹೆಬ್ಬೆಟ್ಟು ಸಾಕು ಎಂದು ಅತ್ತೆ ಹೇಳಿದರೆ ಅವಳು ಒಪ್ಪಲಿಲ್ಲ. ಟೀಚರ ಆಗುವವಳು ಹೆಬ್ಬೆಟ್ಟು ಒತ್ತಿದರೆ ಹೇಗೆ ಎಂಬುದು ಅವಳ ಮಾತು. ಊಟದ ತಾಟನ್ನು ಬೋರಲು ಹಾಕಿ ಅದರ ಮೇಲೆ ಕಾಗದ ಇಟ್ಟೆವು. ಸೂಜಿ ಅಲುಗದಂತೆ, ನಿಂತು ನಿಂತು, ಎರಡು ಹೆಸರುಗಳನ್ನೂ ಬರೆದು ಸಹಿ ಹಾಕಿದಳು. ಮುದುಕರು ಶಿಕ್ಕಾ ಒತ್ತಿ, ಶಾಯಿ ಆರಲೆಂದು ಊದಿದರು. ಆಮೇಲೆ ಕೂಸಿನ ಕಡೆ ಬಾಗಿ, ಗಂಡನನ್ನು ಕರೆದು, ಈಕೆಗಾದರೂ ಒಂದೇ ಹೆಸರು ಇರಲಿ ಎಂದು ಹೇಳಿದರು. ವಾರ್ಡಿನಲ್ಲಿ ನಗೆ ಎದ್ದಿತು. ರಾಯಬಾಗದ ಕಡೆಯ ಒಬ್ಬ ಮುದುಕಿ ತನ್ನ ಕಾಗದದ ತಕರಾರು ಹೇಳಲು ಶುರುಮಾಡಿದಳು. ಅವರು ಸ್ಟೂಲು ಎಳೆದುಕೊಂಡು ಕೂತರು. ನಾವು ಬಸ್ಸಿಗೆ ಹೊರಡುವಾಗಲೂ ಅವಳ ಮಾತು ನಡೆದೇ ಇತ್ತು.

ಸೋಮವಾರ ಕಚೇರಿಯಲ್ಲಿ ಗುಮಾಸ್ತರು ಮಹಾರಾಷ್ಟ್ರದ ಶಿಕ್ಕಾ ನೋಡಿ ಅನುಮಾನ ಪಟ್ಟರಂತೆ. ಗಂಡ ಅಲ್ಲಿಂದಲೇ ನನಗೆ ಫೋನು ಮಾಡಿದ. ನಾನು ಹೋಗಿ ಅಧಿಕಾರಿಯವರಿಗೆ ಕಾನೂನಿನ ಪುಟ ತೋರಿಸಿದೆ. ಅವರು ಓದಿ, ಎರಡು ಭಾಷೆಯಲ್ಲಿ ಇಷ್ಟು ಚೊಕ್ಕ ಅಫಿಡವಿಟ್ಟು ತಾವು ನೋಡಿಲ್ಲ ಎಂದು ಹೇಳಿ ತೆಗೆದುಕೊಂಡರು. ತಿಂಗಳೊಪ್ಪತ್ತಿನಲ್ಲಿ ಅವಳಿಗೆ ನೇಮಕದ ಆದೇಶ ಬಂತೆಂದು ಸುದ್ದಿ ಸಿಕ್ಕಿತು.

ಆ ಮೇಲೆ ಫೋನು ಹಿಡಿದುಕೊಂಡು ಬಂದವರು ಬಹಳ ಜನ. ಪರದೆಯಲ್ಲಿ ಪುಣೆಯಲ್ಲಿದ್ದವರು, ದೇಶದ ಗಡಿಯಲ್ಲಿದ್ದ ಸೈನಿಕರು, ಕಬ್ಬು ಕಡಿಯಲು ದೂರ ಹೋದವರು. ಎಲ್ಲರಿಗೂ ಅದೇ ಉತ್ತರ ಕೊಟ್ಟೆ, ಆದರೆ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಅವರಿರುವ ಊರಿನಲ್ಲಿ ನೋಟರಿಯನ್ನು ಹುಡುಕಿ, ಕಾಗದ ತಯಾರು ಮಾಡಿ ಕಳಿಸುವುದನ್ನು ಕಲಿತೆ. ಮಿರಜಿನ ಮುದುಕರಿಗೂ ನನಗೂ ಸ್ನೇಹವಾಯಿತು. ಗಡಿಯ ಈಚೆಯ ಕೆಲಸ ಅವರು ನನಗೆ, ಆಚೆಯದನ್ನು ನಾನು ಅವರಿಗೆ.

ಕೆಲವು ವರ್ಷದ ಮೇಲೆ ಆ ತರುಣನ ಹಳ್ಳಿಗೇ ಒಬ್ಬ ಅಜ್ಜನ ಕಾಗದಕ್ಕಾಗಿ ಹೋಗಬೇಕಾಯಿತು. ಬಸ್ಸು ಇಳಿದ ಕಡೆಯೇ ಅಂಗನವಾಡಿ. ಒಳಗಿನಿಂದ ಮಕ್ಕಳು ಹಾಡುವುದು ಕೇಳಿಸಿತು. ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿ. ಅವಳು ಬಾಗಿಲಿಗೆ ಬಂದು ನನ್ನನ್ನು ಗುರುತಿಸಿ ಕೈ ಹಿಡಿದು ಒಳಗೆ ಕರೆದಳು. ಚಾಪೆಯ ಮೇಲೆ ಕೂರಿಸಿ, ಮಕ್ಕಳಿಗೆ ಮಾಡಿದ ಉಪ್ಪಿಟ್ಟನ್ನೇ ಒಂದು ತಾಟಿನಲ್ಲಿ ಹಾಕಿ ಕೊಟ್ಟಳು. ಮಿರಜಿನಲ್ಲಿ ಹುಟ್ಟಿದ ಮಗಳು ಆ ಮಕ್ಕಳ ನಡುವೆಯೇ ಇದ್ದಳು. ತಾಯಿಯ ಸೆರಗು ಬಿಡುತ್ತಿರಲಿಲ್ಲ.

"ಫೋನಿನಾಗಿಂದ ಮಾಡೂ ಕಾಯ್ದೆ ಇನ್ನೂ ಬಂದಿಲ್ಲೇನ್ರಿ ಬಾಯಾರ?" ಎಂದು ಕೇಳಿದಳು.

ಇವತ್ತಲ್ಲ ನಾಳೆ ಬಂದೀತು ಎಂದೆ. ಬಂದರೆ ಒಳ್ಳೆಯದೇ, ಹಸಿ ಬಾಣಂತಿಯರಿಗೆ, ಸೈನಿಕರಿಗೆ ಅನುಕೂಲವಾಗುತ್ತದೆ ಎಂದೆ. ಅವಳು, ಬರಲಿ, ಆದರೆ ಆವತ್ತು ನೀವು ವಾರ್ಡಿಗೆ ಬಂದದ್ದು ನನಗೆ ಬೇಕಾಗಿತ್ತು ಎಂದಳು. ನಾನು ಉಪ್ಪಿಟ್ಟಿನ ತಾಟು ಖಾಲಿ ಮಾಡಿ ಎದ್ದೆ.

ಅಜ್ಜನ ಮನೆ ಹಿಂದಿನ ಓಣಿಯಲ್ಲಿತ್ತು. ಮಕ್ಕಳನ್ನು ಆಯಾಗೆ ಒಪ್ಪಿಸಿ, ಮಗಳನ್ನು ಬಗಲಿಗೆ ಎತ್ತಿಕೊಂಡು, ಅವಳೇ ದಾರಿ ತೋರಿಸಲು ಮುಂದೆ ಹೊರಟಳು.